ಮೋಟಾರಿನಡಿಯ ಹಲಗೆ

ಸ್ನೇಹಿತರೇ, ಇವತ್ತಿನ ಆಯುಧಪೂಜೆಯಿಂದ ಮೈಯೆಲ್ಲ ಉರಿಯುತ್ತಿದೆ. ನಮ್ಮ ಕ್ಲಬ್ಬಿನ ದೋಣಿಯ ಹಿಂಬದಿಗೆ ಸಿಕ್ಕಿಸುವ ಮೋಟಾರು, ಬೊಂಬಾಯಿಯಿಂದ ತರಿಸಿದ್ದು, ತೀರಾ ಕೆಳಗಿಳಿದು ಕಾರಂಜಿ ಕೆರೆಯ ಕೆಸರು ಕಲಕುತ್ತಿತ್ತು. ನಿನ್ನೆಯೆಲ್ಲ ಒದ್ದಾಡಿ, ಅದರಡಿಗೆ ತೇಗದ ಹಲಗೆ ಕೊಟ್ಟು ಎತ್ತರ ಸರಿಮಾಡಿದ್ದೆ. ಇವತ್ತು ಪೂಜೆ ಮುಗಿಸಿ ದೋಣಿ ಬಿಟ್ಟರೆ, ನೀರೊಳಗಿನ ಫ್ಯಾನು ಕಲ್ಲಿಗೆ ಬಡಿದು ಮುರಿಯಿತು. ಬಗ್ಗಿ ನೋಡಿದರೆ ಹಲಗೆಯೇ ಇಲ್ಲ.

"ಹಲಗೆ ಎಲ್ಲಿ ಸ್ವಾಮಿ?" ಎಂದೆ.

ಕ್ಲಬ್ಬಿನ ಕಾರ್ಯದರ್ಶಿಗಳು ತಣ್ಣಗೆ ಹೇಳಿದರು: "ಮೋಟಾರು ಬಿಚ್ಚಿಟ್ಟು ಪೂಜೆ ಮಾಡೋವಾಗ ಕೂರೋಕೆ ಮಣೆ ಇರ್ಲಿಲ್ಲ ಕಣ್ರೀ, ಅದನ್ನೇ ಹಾಕ್ಕೊಂಡೆ. ನಾನು ಕೂತೆದ್ದ ಮಣೇನ ಪೂಜೆ ಆದ ಮೋಟಾರಿನ ಕೆಳಗೆ ಇಡೋಕಾಗುತ್ತಾ?"

ಪೂಜೆಯಾದ ಮೋಟಾರು ಕುಂಕುಮದ ಸಮೇತ ಈಗ ನಮ್ಮ ಮನೆಯ ಗೋಣಿಚೀಲದಲ್ಲಿದೆ. ಮಣೆಯನ್ನು ಅವರು ಮನೆಗೆ ಒಯ್ದರು. ಅದಕ್ಕೆ ಒಂದು ಗೀರೂ ಬಿದ್ದಿಲ್ಲ.