ಬಾತುಕೋಳಿಯೊಳಗೆ ಕೋಳಿ, ಕೋಳಿಯೊಳಗೆ ಗೌಜಲು

ಯುಗಾದಿಯ ಮರುದಿನ ಹೊಸತೊಡಕಿನ ಬಾಡೂಟ ಪ್ರತಿವರ್ಷ ಹುಳಿಮಾವಿನಲ್ಲಿರುವ ಅಕ್ಕನ ಮನೆಯಲ್ಲೇ. ಈ ಸಲ ಅವಳ ಮಂಡಿಗೆ ಆಪರೇಷನ್ ಆಗಿತ್ತು. "ನಿಮ್ಮನೇಲಿ ಮಾಡು, ನೋಡೋಣ. ಆಗ್ಲಿಲ್ವಾ, ಮುಂದಿನ್ ವರ್ಷದಿಂದ ಅವರವರ ಮನೇಲಿ ಅವರವರು ಮಾಡ್ಕೊಳ್ಳಿ" ಎಂದಳು. ಹನ್ನೊಂದು ಜನ ಒಟ್ಟಿಗೆ ಉಣ್ಣಲು ಕೂರುವುದು ವರ್ಷಕ್ಕೆ ಅದೊಂದೇ ದಿನ. ಅದು ನನ್ನ ಕೈಯಲ್ಲಿ ನಿಂತುಹೋದರೆ?

ಬುದ್ಧಿ ಇದ್ದವನು ಮಟನ್ ಸಾರು ಮಾಡಿ ಮುಗಿಸುತ್ತಿದ್ದ. ನಾನು ಫೋನಿನಲ್ಲಿ ಒಂದು ವಿಡಿಯೋ ನೋಡಿದೆ: ಮೂಳೆ ಬಿಡಿಸಿದ ಗೌಜಲು ಹಕ್ಕಿಯನ್ನು ಕೋಳಿಯೊಳಗೆ, ಆ ಕೋಳಿಯನ್ನು ಬಾತುಕೋಳಿಯೊಳಗೆ ತುಂಬಿ, ಹೊಲಿದು, ಇಡಿಯಾಗಿ ಓವನ್‌ನಲ್ಲಿ ಬೇಯಿಸುವುದು. ಹದಿನೈದು ದಿನ ಮೊದಲೇ ಟೇಪು ಹಿಡಿದು ಓವನ್ ಅಳೆದೆ. ದಾರ ಸಾಲದಿದ್ದರೆ ಎಂದು ಎರಡನೇ ಉಂಡೆ ತಂದೆ. ಒಳಗಿನದು ಬೆಂದಿದೆಯೋ ಇಲ್ಲವೋ ತಿಳಿಯುವುದು ಹೇಗೆಂದು ಹೆಂಡತಿಯನ್ನು ಕೇಳಿದೆ.

"ನುಂಗಿರೋ ಬಾತುಕೋಳೀನೇ ಕೇಳಿ."

ಮಾಂಸದ ಅಂಗಡಿಯವನಿಗೂ ಮುಂಚೆಯೇ ಪಾಠ ಹೇಳಿದ್ದೆ: ಮೂಳೆ ಮಾತ್ರ ತೆಗೆಯಬೇಕು, ಹಕ್ಕಿ ಇಡಿಯಾಗಿರಬೇಕು. ಹೊಸತೊಡಕಿನ ಬೆಳಿಗ್ಗೆ ಚಿಕ್ಕಲಸಂದ್ರದ ಆ ಅಂಗಡಿಯ ಸಾಲು ರಸ್ತೆಯ ತಿರುವು ದಾಟಿತ್ತು. ಎರಡು ಗಂಟೆ ನಿಂತು ಮುಂದೆ ಬಂದರೆ, ಅವನು ತಲೆ ಎತ್ತದೆ ಕೇಳಿದ, "ಸಾರ್, ಕರಿ ಕಟ್ಟಾ?"

"ಹ್ಞೂಂ, ಮೀಡಿಯಂ."

ಸಾರಿಗೆ ತುಂಡು ಮಾಡಿಸಿಯೇ ಮೂವತ್ತು ವರ್ಷದ ಅಭ್ಯಾಸ. ಬಾಯಿ ನನ್ನ ಅಪ್ಪಣೆ ಕೇಳಲಿಲ್ಲ. "ಅಯ್ಯೋ" ಎನ್ನುವಷ್ಟರಲ್ಲಿ ಬಾತುಕೋಳಿ ಹದಿನಾರು ತುಂಡಾಗಿತ್ತು. ನಾನು ನೋಡುತ್ತಲೇ ನಿಂತೆ.

ಹಿಂದಿನಿಂದ ಯಾರೋ, "ಅಂಕಲ್, ಶ್ರದ್ಧಾಂಜಲಿ ಮನೇಲಿ ಮಾಡಿ, ಇಲ್ಲಿ ಲೇಟಾಗ್ತಿದೆ!"

"ಮಿಕ್ಕಿದ್ದನ್ನೂ ಹಂಗೇ ಮಾಡಪ್ಪ" ಎಂದೆ.

ಮನೆಗೆ ಬಂದರೆ ಅಕ್ಕ ಆಗಲೇ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮೂರು ಕವರುಗಳೊಳಗೆ ಇಣುಕಿ, "ಎಲ್ಲೋ ನಿನ್ನ ಒಂದರೊಳಗೊಂದು?" ಎಂದಳು.

"ಹೊಟ್ಟೇಲಿ ಒಂದಾಗತ್ತೆ ಬಿಡಕ್ಕ."

ಅವಳು ನಗಲಿಲ್ಲ. "ಬಾತುಕೋಳಿ ಮೊದ್ಲು ಹಾಕು, ಬೇಯಕ್ಕೆ ಹೊತ್ತು ಹಿಡಿಯತ್ತೆ. ಆಮೇಲೆ ಕೋಳಿ. ಗೌಜಲು ಕೊನೇಲಿ. ನಡಿ, ಈರುಳ್ಳಿ ಹೆಚ್ಚು."

ಮಧ್ಯಾಹ್ನ ಹನ್ನೊಂದು ಜನವೂ ಮುದ್ದೆ ಮುರಿಯುತ್ತ, ತಮ್ಮ ತಟ್ಟೆಗೆ ಬಿದ್ದ ತುಂಡು ಯಾವ ಹಕ್ಕಿಯದೆಂದು ಜಗಳ ತೆಗೆದರು. ಭಾವ ಕೋಳಿಯ ತೊಡೆ ತಿಂದು ಬಾತುಕೋಳಿಯ ರುಚಿಯೇ ಬೇರೆ ಎಂದರು, ಯಾರೂ ತಿದ್ದಲಿಲ್ಲ. ಅಕ್ಕ ಎರಡನೇ ಮುದ್ದೆ ಹಾಕಿಸಿಕೊಂಡಳು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ.

"ಮುಂದಿನ್ ವರ್ಷಾನೂ ಇಲ್ಲೇ ಮಾಡೋ" ಎಂದಳು ಕೊನೆಗೆ. "ಆದ್ರೆ ಅಂಗಡಿಗೆ ನಿನ್ ಹೆಂಡ್ತೀನ ಕಳ್ಸು."

"ನಾನು ಹೋದ್ರೆ ಇವರು ನಿಮಿಷಕ್ಕೊಂದು ಫೋನ್ ಮಾಡ್ತಾರೆ ಅತ್ತಿಗೆ" ಎಂದಳು ಹೆಂಡತಿ.

ಇದು ಶುದ್ಧ ಸುಳ್ಳು. ಹತ್ತು ನಿಮಿಷಕ್ಕೊಂದು ಸಾಕು ನನಗೆ.