ಕುಂಕುಮದ ಮೇಲಿನ ಕೋಟಿಂಗ್

ನಮ್ಮ ಭಾವನವರು ಮೂಗು ಒರೆಸಿಕೊಂಡರೆ ಕರ್ಚೀಫಿನ ಮೇಲೆ ಬೂದು ಲೋಹದ ಪುಡಿ ಮಿಂಚುತ್ತಿತ್ತು. ಹುಬ್ಬು ಅರ್ಧ ಸುಟ್ಟುಹೋಗಿತ್ತು. ಉಳಿದರ್ಧವನ್ನು ಎದುರಿಗಿದ್ದವರ ದಡ್ಡತನ ಕಂಡಾಗ ಮೇಲೆತ್ತಲು ಇಟ್ಟುಕೊಂಡಿದ್ದರು. ಅದು ದಿನವಿಡೀ ಮೇಲೆಯೇ ಇರುತ್ತಿತ್ತು.

ನನ್ನ ಗಂಡನ ಅಣ್ಣ ಅವರು. ಬೆಂಗಳೂರಿನ ಯಾವುದೋ ಲ್ಯಾಬಿನಲ್ಲಿ ಮೇಲಿನವರ ಜೊತೆ ಜಗಳವಾಡಿ, ತೊಂಬತ್ತರ ದಶಕದ ಕೊನೆಗೆ ಕೆ.ಆರ್. ನಗರದ ನಮ್ಮ ಅಕ್ಕಿ ಗಿರಣಿಯ ಹಿಂದೆ ಶೆಡ್ ಹಾಕಿಕೊಂಡರು. ಕೆಲಸ ಥರ್ಮಲ್ ಸ್ಪ್ರೇ. ಲೋಹದ ತಂತಿಯನ್ನು ಗನ್ನಿನ ಬೆಂಕಿಯಲ್ಲಿ ಕರಗಿಸಿ, ಸವೆದ ಕಬ್ಬಿಣದ ಮೇಲೆ ಹನಿಹನಿಯಾಗಿ ಎರಚಿ, ಅದಕ್ಕೆ ಮತ್ತೆ ಮೈ ತುಂಬಿಸುವುದು. ಒಂದು ಕಂಪ್ಯೂಟರೂ ಇತ್ತು. ಹನಿ ಎಷ್ಟು ಬಿಸಿಯಿರಬೇಕು, ಯಾವ ವೇಗದಲ್ಲಿ ಬಿದ್ದು ಹೇಗೆ ಚಪ್ಪಟೆಯಾಗಬೇಕು ಎಂದು ಅದರಲ್ಲಿ ಲೆಕ್ಕ ಹಾಕಿ, ಮಾಡೆಲ್ ಎನ್ನುತ್ತಿದ್ದರು. ಆಮೇಲೆ ಸಣ್ಣ ಬಿಲ್ಲೆಗಳ ಮೇಲೆ ಸ್ಪ್ರೇ ಮಾಡಿ, ಅಂಟು ಹಾಕಿ ಎಳೆದು, ಕೋಟಿಂಗ್ ಕಿತ್ತು ಬರುತ್ತದೋ ಇಲ್ಲವೋ ಎಂದು ಟೆಸ್ಟ್. ಬಿಲ್ಲೆಗಳೆಲ್ಲ ಪಾಸು. ಊರಿನ ಜನ ಮಾತ್ರ ಫೇಲು.

ನಾನು ಮೈಸೂರಿನ ಕಾನ್ವೆಂಟಿನಲ್ಲಿ ಫಿಸಿಕ್ಸ್ ಓದಿದವಳು. ಆದರೂ ಊರಿಗೆಲ್ಲ ಹೇಳುತ್ತಿದ್ದ ದೋಸೆಯ ಪಾಠವನ್ನೇ ನನಗೂ ಹೇಳಿದರು.

“ನೋಡಮ್ಮಾ ಕಾನ್ವೆಂಟು, ಹಿಟ್ಟು ಕಾವಲಿ ಮೇಲೆ ಬಿದ್ದು ಹರಡ್ಕೊಳ್ಳಲ್ವಾ, ಹಂಗೇ ಇದು. ದೋಸೆ ಏಳ್ಲಿ ಅಂತ ನೀನು ಎಣ್ಣೆ ಸವರ್ತೀಯ. ನಂದು ಏಳಬಾರದು. ಅದಕ್ಕೇ ಎಣ್ಣೆ ಕೈ ಸೋಕಂಗಿಲ್ಲ. ಅರ್ಥ ಆಯ್ತಾ? ಇಲ್ಲಾಂದ್ರೂ ತಲೆ ಆಡ್ಸು.”

“ಅಡ್‌ಹೀಶನ್ ಅಂದಿದ್ರೆ ಸಾಕಾಗಿತ್ತು ಭಾವ,” ಎಂದೆ. ಹುಬ್ಬು ಇನ್ನಷ್ಟು ಮೇಲೇರಿತು.

ಕಂಪಲಾಪುರದ ನೆಂಟರ ಮದುವೆಯಲ್ಲಿ ಹೆಣ್ಣಿನ ಕಡೆಯವರು ಅಳಿಯನಿಗಿತ್ತ ಬೆಳ್ಳಿ ತಟ್ಟೆಯನ್ನು ಭಾವ ಸ್ಕೂಟರ್ ಕೀಲಿಯಿಂದ ಗೀಚಿ, ಎಲ್ಲರಿಗೂ ಕೇಳುವಂತೆ, “ಒಳಗೆ ಹಿತ್ತಾಳೆ ಕಣ್ರೀ. ಕೋಟಿಂಗೂ ನೆಟ್ಟಗಿಲ್ಲ,” ಎಂದರು. ಹುಡುಗಿಯ ತಾಯಿ ಅಳುತ್ತಾ ಒಳಗೆ ಹೋದಳು. ಇವರು ಹೋಳಿಗೆಗೆ ಇನ್ನೊಂದು ಸಲ ತುಪ್ಪ ಕೇಳಿದರು. ವಾಟ್ ಅ ಮ್ಯಾನ್, ಎಂದು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಆ ವರ್ಷ ಸುಗ್ಗಿಗೆ ಸ್ವಲ್ಪ ಮುಂಚೆ ಗಿರಣಿಯ ದೊಡ್ಡ ಶಾಫ್ಟು ಬೇರಿಂಗ್ ಕೂರುವ ಕಡೆ ಸವೆಯಿತು. ನನ್ನ ಗಂಡ ಮೈಸೂರಿನಲ್ಲಿ ಹೊಸದು ಮಾಡಿಸಿ ತರಲು ಹೊರಟರು. “ಮನೇಲಿ ನನ್ನಂಥೋನು ಇರೋವಾಗ ಮೈಸೂರ್ಗೆ ಹೋಯ್ತಾನಂತೆ,” ಎಂದು ಭಾವ ತಡೆದರು. ಈ ರಿಪೇರಿ ಕೆಟ್ಟರೆ ಹೊಸ ಭತ್ತವೆಲ್ಲ ಎದುರು ಗಿರಣಿಯ ಪಾಲು. ಹಾಸಿಗೆ ಹಿಡಿದಿದ್ದ ನಮ್ಮ ಮಾವನವರಿಗಂತೂ ಗಿರಣಿಯ ಸದ್ದು ಕಿವಿಗೆ ಬೀಳದಿದ್ದರೆ ಊಟ ಸೇರುತ್ತಿರಲಿಲ್ಲ.

ಭಾವ ಮರಳಿನಂಥ ಗ್ರಿಟ್ ಹೊಡೆದು ಶಾಫ್ಟನ್ನು ತರಿತರಿ ಮಾಡಿ, “ಯಾರೂ ಮುಟ್ಟಂಗಿಲ್ಲ,” ಎಂದು ಗುಡುಗಿ, ಗನ್ ತರಲು ತಿರುಗಿದರು. ಅಷ್ಟರಲ್ಲಿ ಅತ್ತೆ ತಟ್ಟೆ ಹಿಡಿದು ಬಂದರು. ನಮ್ಮ ಮನೆಯಲ್ಲಿ ಗಿರಣಿಯ ಕಬ್ಬಿಣಕ್ಕೆ ಬೆಂಕಿ ತಾಕಿಸುವ ಮುಂಚೆ ಕುಂಕುಮವಿಡಬೇಕು. ಅದು ಅಂಟಿ ನಿಲ್ಲಲೆಂದು ಮೊದಲು ಹರಳೆಣ್ಣೆ. ಯಾರಾದರೂ ಬಾಯಿ ತೆರೆಯುವಷ್ಟರಲ್ಲಿ ಎಣ್ಣೆ ಸವರಿ, ಕುಂಕುಮ ಇಟ್ಟು, “ನಿಮ್ಮಪ್ಪ ಎದ್ದು ಓಡಾಡ್ಲಿ, ಗಿರಣಿ ಓಡ್ಲಿ ಕಣಪ್ಪ,” ಎಂದು ಸ್ಟೂಲಿನ ಮೇಲೆ ನೋಡುತ್ತಾ ಕೂತರು.

ಭಾವ ಒರೆಸುವ ಬನಿಯನ್ ಬಟ್ಟೆ ಎತ್ತಿಕೊಂಡರು. ಇಟ್ಟ ಕುಂಕುಮ ಒರೆಸುವುದು ನಮ್ಮ ಕಡೆ ಗಂಡ ಸತ್ತ ಮನೆಯ ಕೆಲಸ. ಮಾವನವರು ಒಳಗೆ ಆ ಸ್ಥಿತಿಯಲ್ಲಿದ್ದರು. ಭಾವ ಅತ್ತೆಯ ಮುಖ ನೋಡಿದರು. ಬಟ್ಟೆ ಕೆಳಗಿಟ್ಟು, ತಿಳಿದೂ ತಿಳಿದೂ ಆ ಎಣ್ಣೆಯ ಮೇಲೆಯೇ ಲೋಹ ಎರಚಿದರು. ಇಡೀ ತಾಲೂಕನ್ನು ಗದರಿಸುವ ಗಂಡಸಿಗೆ, ಒಳಗೆ ಹೋಗವ್ವ ಎನ್ನುವ ಧೈರ್ಯವಿರಲಿಲ್ಲ. ಹೇಡಿ, ಎಂದುಕೊಂಡೆ.

ಮೊದಲ ಭತ್ತ ಬಿದ್ದ ದಿನವೇ ಕೋಟಿಂಗ್ ಹಪ್ಪಳದಂತೆ ಎದ್ದು ಬಂತು, ಎಣ್ಣೆ ಸವರಿದ್ದ ಕಡೆಯಿಂದಲೇ. ಗಿರಣಿಯ ಫಿಟ್ಟರು, “ದೋಸೆ ಚೆಂದಾಗ್ ಎದ್ದದೆ ಕಣ್ರೀ ಸಾರ್,” ಎಂದ. ಭಾವ ಅವನನ್ನು ಬೈದರು, ವೋಲ್ಟೇಜನ್ನು ಬೈದರು, ಭತ್ತದೊಳಗಿನ ಮರಳನ್ನೂ ಬಿಡಲಿಲ್ಲ. ತಾಯಿಯ ಹೆಸರು ಮಾತ್ರ ಎತ್ತಲಿಲ್ಲ.

“ನಾನಿಟ್ಟ ಕುಂಕುಮ ಏನಾಯ್ತಪ್ಪ?” ಎಂದರು ಅತ್ತೆ.

“ಅದಿದ್ದ ಕಡೆ ಒಂದೇ ಕಣವ್ವ ನಿಂತಿರೋದು.”

ಕಣ್ಣು ಮಿಟುಕಿಸದೆ ಹೇಳಿದ ಸುಳ್ಳು. ಭತ್ತದ ಗಾಡಿಗಳು ಎದುರು ಗಿರಣಿಗೆ ತಿರುಗಿದವು. ನಮ್ಮ ಗಿರಣಿ ಸದ್ದಿಲ್ಲದೆ ನಿಂತಿದ್ದ ಆ ಸುಗ್ಗಿಯಲ್ಲೇ ಮಾವನವರು ತೀರಿಕೊಂಡರು.

ಕರ್ಮದ ದಿನ ಹಂಪಾಪುರದಿಂದ ಬಂದಿದ್ದ ಹಿರಿಯ ಹೆಂಗಸರು ಒದ್ದೆ ಬಟ್ಟೆ ಹಿಡಿದು ಅತ್ತೆಯ ಹಣೆಯತ್ತ ಕೈ ಚಾಚಿದರು. ಶೆಡ್ಡಿನಲ್ಲಿ ಕೇಳಿದ್ದ ಅದೇ ದನಿ ಹಜಾರದಲ್ಲಿ ಗುಡುಗಿತು.

“ಯಾರೂ ಮುಟ್ಟಂಗಿಲ್ಲ.”

“ನೋಡ್ದೋರು ಏನಂದಾರು ಮಗ?” ಎಂದಳು ಒಬ್ಬ ಮುದುಕಿ.

“ನೋಡ್ದೋರ್ಗೆ ಬುದ್ಧಿ ಅನ್ನೋದು ಯಾವತ್ತು ಇತ್ತು? ನಡೀರಿ, ಎಲೆ ಹಾಕವ್ರೆ, ಉಣ್ಣೋಗ್ರಿ.”

ಆ ಅರ್ಧ ಹುಬ್ಬಿನ ಎದುರು ಯಾರೂ ನಿಲ್ಲಲಿಲ್ಲ. ಅತ್ತೆ ಕೊನೆಯವರೆಗೂ ಕುಂಕುಮ ಇಟ್ಟುಕೊಂಡೇ ಇದ್ದರು.

ಭಾವನವರು ತೀರಿಕೊಂಡು ಬಹಳ ಕಾಲವಾಯಿತು. ಶೆಡ್ಡಿನಲ್ಲೀಗ ತೆಂಗಿನಕಾಯಿ ಒಟ್ಟಿದ್ದೇವೆ. ಅವರ ಬಗ್ಗೆ ನನ್ನ ಒಪೀನಿಯನ್ ಬದಲಾಗಿಲ್ಲ. ಅಹಂಕಾರಿ, ಒರಟ, ಒಂದು ಸುಗ್ಗಿಯನ್ನೇ ಹಾಳುಮಾಡಿದ ಮನುಷ್ಯ. ಆದರೆ ನನ್ನ ಗಂಡ ತೀರಿಕೊಂಡಾಗ ಒದ್ದೆ ಬಟ್ಟೆ ಹಿಡಿದು ನನ್ನ ಹತ್ತಿರ ಯಾರೂ ಬರಲಿಲ್ಲ. ಬೆಳಿಗ್ಗೆ ಕನ್ನಡಿಯ ಮುಂದೆ ಕುಂಕುಮ ಇಟ್ಟುಕೊಳ್ಳುವಾಗ, ಅರ್ಥ ಆಯ್ತಾ ಎಂದು ಅವರು ಹಿಂದಿನಿಂದ ಕೇಳಿದ ಹಾಗಾಗುತ್ತದೆ.

ತಲೆ ಆಡಿಸುತ್ತೇನೆ.