ಗಟ್ಟಿಯಾಗಿ ಓದದ ಏಳು ಹೆಸರು

ಅರ್ಡೆಲ್ ಪಿಕೆಟ್ ದಿನಾ ಬೆಳಿಗ್ಗೆ ಕಾರು ಹತ್ತುವ ಮೊದಲು ಹಳೆಯ ರಟ್ಟೊಂದನ್ನು ನೆಲಕ್ಕೆ ಹಾಸಿ ಮಂಡಿಯೂರುತ್ತಾಳೆ. ಎಂಜಿನ್ ಕೆಳಗೆ ಎಣ್ಣೆ ಸೋರಿದೆಯೇ ಎಂದು ಇಣುಕುವುದು, ಪ್ರಾರ್ಥನೆ ಮಾಡುವುದು, ಎರಡೂ ಒಟ್ಟಿಗೇ ಮುಗಿಯುತ್ತವೆ. ಎಪ್ಪತ್ತೊಂದರ ಮಂಡಿ ದಿನಕ್ಕೆರಡು ಸಲ ಬಗ್ಗುವುದಿಲ್ಲ. ದೇವರಿಗೆ ಅದು ಗೊತ್ತಿದೆ ಎಂದು ಆಕೆಯ ನಂಬಿಕೆ.

ಒಹಾಯೋದ ಆ ಸಣ್ಣ ಊರಿನ ಚರ್ಚಿನಲ್ಲಿ ಪ್ರತಿ ಭಾನುವಾರ ಹಾಸಿಗೆ ಹಿಡಿದವರ ಹೆಸರುಗಳನ್ನು ಗಟ್ಟಿಯಾಗಿ ಓದಿ ಪ್ರಾರ್ಥಿಸುತ್ತಾರೆ. ಕೆಲವರು ಮಾತ್ರ ತಮ್ಮ ಹೆಸರು ಓದುವುದು ಬೇಡ ಎನ್ನುತ್ತಾರೆ. ಒಬ್ಬರಿಗೆ ಕಾಯಿಲೆಯ ನಾಚಿಕೆ, ಇನ್ನೊಬ್ಬರಿಗೆ ಹೊಡೆಯುವ ಮಗನ ಭಯ. ಅಂಥ ಏಳು ಮಂದಿ ಅರ್ಡೆಲ್‌ಳ ಪಾಲಿಗೆ. ದಿನಾ ಮಧ್ಯಾಹ್ನ ಹುರಿದ ಕೋಳಿ, ಬೇಯಿಸಿದ ಸೊಪ್ಪು, ಮೆಕ್ಕೆಜೋಳದ ಕಾರ್ನ್‌ಬ್ರೆಡ್ಡನ್ನು ಬೆಳ್ಳಿ ಕಾಗದದಲ್ಲಿ ಸುತ್ತಿ ಅವರ ಹಿಂಬಾಗಿಲಿಗೆ ಮುಟ್ಟಿಸುತ್ತಾಳೆ. ಹದಿನಾಲ್ಕು ವರ್ಷದಲ್ಲಿ ಅಂಥವರ ಹೆಸರನ್ನು ಒಂದು ಚೀಟಿಯಲ್ಲೂ ಬರೆದವಳಲ್ಲ.

ಬರೆದುಕೊಂಡವರು ಪೊಲೀಸರು. ಏಳು ಹಿಂಬಾಗಿಲು, ಮೂರು ಮೂರು ನಿಮಿಷ, ಕೈಯಲ್ಲಿ ಬೆಳ್ಳಿ ಕಾಗದದ ಪೊಟ್ಟಣ. ಇದು ಮಾದಕ ವಸ್ತುವಿನ ವ್ಯಾಪಾರವಲ್ಲದೆ ಇನ್ನೇನು ಎಂದು ಆ ಮಹಾಮೇಧಾವಿಗಳಿಗೆ ಹೊಳೆಯಿತು. ಜಡ್ಜರ ಅಪ್ಪಣೆ ಕೇಳುವ ಗೋಜಿಗೇ ಹೋಗದೆ ಆಕೆಯ ಕಾರಿನ ಹಿಂದಿನ ಚಕ್ರದ ಒಳಬದಿಗೆ, ಹೋದಲ್ಲೆಲ್ಲ ಜಾಡು ಹೇಳುವ ಡಬ್ಬಿಯೊಂದನ್ನು ಅಂಟಿಸಿದರು. ಹತ್ತೊಂಬತ್ತು ದಿನ ಸರ್ಕಾರದ ಸಂಬಳ ತಿನ್ನುತ್ತ ಕಂಪ್ಯೂಟರಿನ ಮುಂದೆ ಕೂತು ಹುರಿದ ಕೋಳಿಯ ಮೆರವಣಿಗೆ ನೋಡಿದರು. ಆಮೇಲೆ ಆ ಏಳು ಮಂದಿಯಲ್ಲೊಬ್ಬಳಾದ ನಿವೃತ್ತ ಗ್ರಂಥಪಾಲಕಿ ಲುಸಿಂಡಾಳ ಮನೆಗೆ ನುಗ್ಗಿದರು. ಸಿಕ್ಕಿದ್ದು ಕ್ಯಾನ್ಸರಿನ ಮಾತ್ರೆ, ಅರ್ಧ ತಿಂದ ಕಾರ್ನ್‌ಬ್ರೆಡ್. ತಂಗಿಗೂ ಹೇಳದೆ ಮುಚ್ಚಿಟ್ಟಿದ್ದ ಕಾಯಿಲೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತಾಯಿತು.

ಮರುದಿನ ಬೆಳಿಗ್ಗೆ, ಕಾರಿನಡಿಗೆ ಉರುಳಿಹೋದ ಕಿವಿಯೋಲೆ ಹುಡುಕುವಾಗ, ಡಬ್ಬಿ ಅರ್ಡೆಲ್‌ಳ ಕಣ್ಣಿಗೆ ಬಿತ್ತು. ಕಿತ್ತು ಚಮಚದ ಡ್ರಾಯರಿಗೆ ಹಾಕಿದಳು. ಮಧ್ಯಾಹ್ನ ಲುಸಿಂಡಾ ಬಾಗಿಲು ತೆರೆಯಲಿಲ್ಲ.

"ನಿನ್ನ ಹಿಂದೆ ಇನ್ಯಾರು ಬರ್ತಾರೋ. ಊಟ ಬೇಡ, ಹೋಗೇ" ಎಂದಳು ಒಳಗಿನಿಂದ.

ಪೊಲೀಸರು ಬಂದು ಡಬ್ಬಿ ವಾಪಸು ಒಯ್ದರು. ಒಯ್ದವರು ಆಕೆಯ ಮೇಲೆ ಕಳ್ಳತನದ ಕೇಸು ಹಾಕಿದರು. ಅರ್ಡೆಲ್ ಸುಮ್ಮನಿರಲಿಲ್ಲ. ಅಪ್ಪಣೆಯಿಲ್ಲದೆ ಜಾಡು ಹಿಡಿದದ್ದು ಸಂವಿಧಾನಕ್ಕೆ ವಿರುದ್ಧ, ಡಬ್ಬಿಯಿಂದ ಪೊಲೀಸರು ಮಾಡಿಟ್ಟುಕೊಂಡ ಆ ಏಳು ಮನೆಗಳ ನಕ್ಷೆ ಅಳಿಸಬೇಕು ಎಂದು ವಕೀಲರ ಕೈಯಲ್ಲಿ ಅರ್ಜಿ ಹಾಕಿಸಿದಳು. ಅದು ಅಳಿಯದಿದ್ದರೆ ಇನ್ನುಳಿದ ಆರು ಬಾಗಿಲಿಗೆ ಯಾವ ಮುಖ ಹೊತ್ತು ಹೋಗುವುದು?

ವಿಚಾರಣೆಗೆ ಎರಡು ದಿನವಿರುವಾಗ ಪೊಲೀಸ್ ಸಾರ್ಜೆಂಟ್ ಟೆರಲ್ ಆಕೆಯ ಅಡುಗೆಮನೆಗೆ ಬಂದ. ಚಿಕ್ಕಂದಿನಲ್ಲಿ ಭಾನುವಾರದ ಬೈಬಲ್ ತರಗತಿಯಲ್ಲಿ ಆಕೆಯ ಶಿಷ್ಯ.

"ಟೀಚರ್, ರಸ್ತೆ ಎಲ್ಲರದ್ದೂ. ನಿಮ್ಮ ಕಾರು ಎಲ್ಲಿ ಹೋಗುತ್ತೆ ಅಂತ ಯಾರು ಬೇಕಾದ್ರೂ ನೋಡಬಹುದಲ್ವಾ?"

"ನೋಡಪ್ಪ, ಯಾರು ಬೇಡ ಅಂದ್ರು. ಉಣ್ಣಿ ಹುಳದ ಥರ ಕಾರಿಗೆ ಕಚ್ಕೊಂಡು ಬರೋದ್ಯಾಕೆ? ಜಡ್ಜ್ ಹತ್ರ ಕಾಗದ ಕೇಳೋಕೇನಾಗಿತ್ತು?"

ಟೆರಲ್ ಟೋಪಿ ತಿರುಗಿಸುತ್ತ, "ಕೇಳಿದ್ರೆ ಕೊಡ್ತಿರ್ಲಿಲ್ಲ" ಎಂದ.

"ಸದ್ಯ, ನಾನು ಕಲಿಸಿದ್ದು ಪೂರ್ತಿ ಮರ್ತಿಲ್ಲ. ನಿಜ ಹೇಳ್ತೀಯ."

ಅವನು ಕಾಗದವೊಂದನ್ನು ಮೇಜಿನ ಮೇಲಿಟ್ಟ. "ನಮ್ಮ ಮೇಲೆ ದೂರಿಲ್ಲ ಅಂತ ಒಂದು ಸಹಿ ಹಾಕಿ. ಕಳ್ಳತನದ ಕೇಸು ಇವತ್ತೇ ಕೈಬಿಡ್ತಾರೆ. ನಿಮಗೋಸ್ಕರ ಸಾಹೇಬ್ರ ಕಾಲು ಹಿಡಿದು ಒಪ್ಸಿದೀನಿ."

"ನಕ್ಷೆ?"

"ಅದು ಕಚೇರೀಲಿ ಇರುತ್ತೆ. ಯಾರೂ ನೋಡಲ್ಲ."

"ಯಾರೂ ನೋಡದ್ದನ್ನ ಇಟ್ಕೊಂಡು ಏನು ಪೂಜೆ ಮಾಡ್ತೀರಾ?"

ಆಕೆ ಏಳನೆಯ ಪೊಟ್ಟಣ ಸುತ್ತಿದಳು. ಲುಸಿಂಡಾ ಇಂದೂ ತೆರೆಯದಿದ್ದರೆ ಮೆಟ್ಟಿಲ ಮೇಲಿಟ್ಟು ಬರಬೇಕು. ಆಮೇಲೆ ಜಿಡ್ಡಿನ ಕೈ ಒರೆಸಿಕೊಂಡು ಕಾಗದವನ್ನು ಅವನತ್ತ ಸರಿಸಿದಳು.

"ಬೇಡಪ್ಪ, ಕಳ್ಳಿ ಅಂತ ಬರೆದಿದೀರಲ್ಲ, ಇರ್ಲಿ. ಜಡ್ಜ್ ಕೇಳ್ಕೊಳ್ಳಲಿ."

ಟೆರಲ್ ಪೊಟ್ಟಣಗಳ ಬುಟ್ಟಿಗೆ ಕೈ ಹಾಕಿದ. "ಕಾರಿನ ತನಕ ಇದನ್ನಾದ್ರೂ ಹೊತ್ಕೊಡ್ತೀನಿ, ಟೀಚರ್."

"ಅದೂ ಬೇಡ" ಎಂದು ಅರ್ಡೆಲ್ ಬುಟ್ಟಿಯನ್ನು ತನ್ನ ಸೊಂಟಕ್ಕೇರಿಸಿಕೊಂಡಳು.